ಅತ್ತೆಯ ಗಲ್ಲದ ತುಣುಕು

ನಮ್ಮ ಅತ್ತೆ ಎರಡು ಕಡೆ ಇದ್ದಾರೆ. ಬ್ಯಾಡಗಿಯ ಮನೆಯಲ್ಲಿ ಇಡಿಯಾಗಿ ಒಬ್ಬರು, ಹಾವೇರಿಯಲ್ಲಿ ನಾನು ಕೆಲಸ ಮಾಡುವ ಕೇಂದ್ರದ ಕಪಾಟಿನಲ್ಲಿ ರೂಪಾಯಿ ನಾಣ್ಯದಗಲ ಇನ್ನೊಬ್ಬರು. ಮನೆಯ ಅತ್ತೆಗೆ ಬಾಯಿ ಇದೆ, ಕಪಾಟಿನ ಅತ್ತೆಗೆ ಇಲ್ಲ. ಎಷ್ಟೋ ಸೊಸೆಯರು ಈ ಏರ್ಪಾಡು ಕೇಳಿ ಹೊಟ್ಟೆಕಿಚ್ಚು ಪಟ್ಟಾರು. ನನಗೆ ಮಾತ್ರ ಬಾಯಿ ಇರುವವರೇ ಇಷ್ಟ.

ಕಪಾಟಿನಲ್ಲಿರುವುದು ಅತ್ತೆಯ ಚರ್ಮ. ಆಕಾಶದ ಮೇಲ್ಪರದೆ ತೆಳುವಾಗಿ ಬಿಸಿಲು ಕಚ್ಚತೊಡಗಿದ ಮೇಲೆ, ಮುಖಕ್ಕೆ ಸನ್‌ಸ್ಕ್ರೀನ್ ಹಚ್ಚದೆ ಹಗಲಿನಲ್ಲಿ ಹೊರಗೆ ಓಡಾಡಬಾರದೆಂದು ಕಾನೂನಾಯಿತು. ಕಾನೂನಾದದ್ದೇ ತಡ, ಅಂಗಡಿಗಳಲ್ಲಿ ನೂರೆಂಟು ಡಬ್ಬಿಗಳು ಸಾಲುಗಟ್ಟಿದವು. ಒಬ್ಬರಿಗೆ ಒಗ್ಗಿದ್ದು ಇನ್ನೊಬ್ಬರ ಮುಖದ ಮೇಲೆ ಗುಳ್ಳೆ ಎಬ್ಬಿಸಿತು. ಮದುವೆಯ ಹಿಂದಿನ ದಿನ ಹೊಸ ಡಬ್ಬಿ ಹಚ್ಚಿಕೊಂಡ ಹುಡುಗಿಯರು ಮುಖ ಊದಿಸಿಕೊಂಡು ಹಸೆಮಣೆ ಏರಿದರು. ಅದಕ್ಕಾಗಿ ಹುಟ್ಟಿದ್ದು ತುಣುಕು. ಪ್ರತಿಯೊಬ್ಬರ ಗಲ್ಲದ ಅಂಚಿನಿಂದ, ಕಿವಿಯ ಬುಡದಲ್ಲಿ, ಎಳ್ಳುಕಾಳಿನಷ್ಟು ಚರ್ಮ ತೆಗೆದು ಗಾಜಿನ ತಟ್ಟೆಯಲ್ಲಿ ಬೆಳೆಸುತ್ತೇವೆ. ಅದರೊಳಗೆ ನರದ ಎಳೆಗಳನ್ನೂ ಹಬ್ಬಿಸಿರುತ್ತೇವೆ. ಯಾವ ಕ್ರೀಮೇ ಆಗಲಿ, ಮೊದಲು ತುಣುಕಿಗೆ ಹಚ್ಚಿ ದೀಪದ ಬಿಸಿಲಿಗೆ ಒಡ್ಡುತ್ತೇವೆ. ತುಣುಕಿಗೆ ಉರಿದರೆ ಪರದೆಯ ಮೇಲಿನ ಗೆರೆ ಜಿಗಿಯುತ್ತದೆ. ಗೆರೆ ನೆಟ್ಟಗೆ ಮಲಗಿದ್ದರೆ ಆ ಕ್ರೀಮು ಅವರದ್ದು, ಅದರ ಜೊತೆಗೆ ಹಗಲುಚೀಟಿಯೂ ಅವರದ್ದು. ಆ ಚೀಟಿ ಇದ್ದರೆ ಬಸ್ಸಿನ ಬಾಗಿಲು, ಪೇಟೆಯ ಗೇಟು ಎಲ್ಲ ತೆರೆಯುತ್ತವೆ. ಇಲ್ಲದಿದ್ದರೆ ಹೊತ್ತು ಮುಳುಗುವ ತನಕ ಮನೆಯೇ ಗತಿ.

ಅತ್ತೆಯ ಹೆಸರು ದ್ಯಾಮವ್ವ. ಕೆಲಸ ಮೆಣಸಿನಕಾಯಿ ಪೇಟೆಯಲ್ಲಿ. ರಾಶಿಯ ಸುತ್ತ ಹೆಂಗಸರು ಕೂತು ಕಾಯಿ ಆರಿಸುತ್ತಾರೆ, ತೊಟ್ಟು ಮುರಿಯುತ್ತಾರೆ, ಬಿಳಿಚಿದ್ದನ್ನು ಬೇರೆ ಹಾಕುತ್ತಾರೆ. ನಮ್ಮ ಮಾವ ತೀರಿಕೊಂಡಾಗಲೂ ಅತ್ತೆ ಹನ್ನೊಂದು ದಿನದ ಮೇಲೆ ಅಲ್ಲಿಗೇ ಹೋಗಿ ಕೂತರಂತೆ. ಮನೆಯಲ್ಲಿ ಅಳುವುದಕ್ಕೆ ಆಗುತ್ತಿರಲಿಲ್ಲವಂತೆ, ಮಗ ಹೆದರುತ್ತಿದ್ದನಂತೆ. ಆ ಮಗನೇ ನನ್ನ ಗಂಡ ಮಾಲತೇಶ. ಈಗಲೂ ಅವರು ಸ್ವಲ್ಪ ಹೆದರಿಕೆಯವರೇ.

ದಿನಾ ಸಂಜೆ ನಾನು ಹಾವೇರಿಯಿಂದ ಬಂದ ಕೂಡಲೇ ಅತ್ತೆಯ ಮೊದಲ ಪ್ರಶ್ನೆ ಒಂದೇ.

"ಹೆಂಗೈತಿ ನನ್ನ ತುಣಕ? ಉಂಡತೇನು?"

"ಅದಕ್ಕ ಬರೇ ನೀರಿನಂಥಾದ್ದು ಕೊಡತೇವ್ರಿ ಅತ್ತೀ."

"ಪಾಪ. ಒಂದಿನರೆ ಒಂದೀಟು ರೊಟ್ಟಿ ಮುರದು ಹಾಕು. ನನ್ನ ಚರ್ಮ ಅದು, ನೀರಿನ ಮ್ಯಾಲೆ ಎಷ್ಟ ದಿನ ತಡದೀತು?"

ಹೀಗೆ ನಗಿಸುವವರಿಗೇ ಸನ್‌ಸ್ಕ್ರೀನ್ ಒಗ್ಗಲಿಲ್ಲ ನೋಡಿ.

ಮೊದಲನೆಯ ಕ್ರೀಮು ಮಲ್ಲಿಗೆಯ ವಾಸನೆಯದು. ತುಣುಕಿನ ಮೇಲೆ ಗೆರೆ ಸಣ್ಣಗೆ ನಡುಗಿತ್ತು, ಅಷ್ಟು ನಡುಕ ಪರವಾಗಿಲ್ಲ ಎಂದು ಕೊಟ್ಟೆವು. ಸಂಜೆಗೆ ಅತ್ತೆಯ ಗಲ್ಲ ದಾಸವಾಳವಾಗಿತ್ತು. ಸೂಕ್ಷ್ಮ ಚರ್ಮದವರಿಗೆ ಸುಗಂಧವೇ ಮೊದಲ ಶತ್ರು ಎಂಬುದು ನಮ್ಮ ಕೆಲಸದ ಮೊದಲ ಪಾಠ. ಎರಡನೆಯದಕ್ಕೆ ವಾಸನೆ ಇರಲಿಲ್ಲ. ಆದರೆ ಅದು ಚರ್ಮದೊಳಗೆ ಇಳಿದು ಬಿಸಿಲನ್ನು ಹೀರುವ ಜಾತಿಯದು, ಬೆವರಿನ ಜೊತೆ ಕಣ್ಣಿಗೆ ಹರಿದು ಚುಚ್ಚುತ್ತದೆ. ಅದೂ ಕೆಂಪು. ಮೂರನೆಯದನ್ನು ನಾನೇ ಕೂತು ಆರಿಸಿದೆ. ಸತುವಿನ ಬಿಳಿಪುಡಿಯದು. ಚರ್ಮದೊಳಗೆ ಇಳಿಯುವುದಿಲ್ಲ, ಮೇಲೆಯೇ ಕೂತು ಬಿಸಿಲನ್ನು ತಡೆಯುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಪುಡಿ ಮುಖದ ಮೇಲೆ ಬೆಳ್ಳಗೆ ಕಾಣಬಾರದೆಂದು ಒಳ್ಳೆಯ ಎಣ್ಣೆಯಲ್ಲಿ ಅರೆದದ್ದು. ತುಣುಕಿಗೆ ಹಚ್ಚಿ ದಿನವಿಡೀ ದೀಪದ ಕೆಳಗಿಟ್ಟೆ. ಗೆರೆ ಕದಲಲಿಲ್ಲ, ಉಂಡು ಮಲಗಿದ ಕೂಸಿನ ಹಾಗೆ ಇತ್ತು.

ಬೆಳಿಗ್ಗೆ ನನ್ನ ಬಸ್ಸಿಗೆ ಮುಂಚೆ ನಾನೇ ಅತ್ತೆಗೆ ಹಚ್ಚುತ್ತಿದ್ದೆ. ಅವರು ಸ್ವತಃ ಹಚ್ಚಿಕೊಂಡರೆ ಕೆನ್ನೆಗೆ ಒಂದು ಗೀರು, ಮೂಗಿಗೆ ಒಂದು ಚುಕ್ಕೆ, ಮುಗಿಯಿತು. ನಾನು ಹಣೆಯಿಂದ ಶುರುಮಾಡಿ ಕಿವಿಯ ಹಾಲೆ, ಕತ್ತಿನ ಹಿಂಭಾಗದ ತನಕ ಬಿಡುತ್ತಿರಲಿಲ್ಲ. ಒಳಗೆ ನನ್ನ ಮಗಳು ಇಂಚರ ಹಾಲಿಗೆ ಹಟ ಮಾಡುತ್ತಿದ್ದಳು. ಎರಡು ತುಂಬಿದ ಕೂಸು, ಅಪ್ಪನ ಕೈಗೆ ಬಗ್ಗುವುದಿಲ್ಲ.

"ಸಾಕ ಬಿಡವ್ವಾ, ಗ್ವಾಡಿಗೆ ಸುಣ್ಣ ಬಳದಂಗ ಬಳೀತಿ," ಎಂದು ಅತ್ತೆ ಗೊಣಗುತ್ತಿದ್ದರು. ಗೊಣಗುತ್ತಲೇ ಕಣ್ಣು ಮುಚ್ಚಿ ಮುಖವನ್ನು ಇನ್ನಷ್ಟು ಮುಂದೆ ಚಾಚುತ್ತಿದ್ದರು.

ಪೇಟೆಯ ಗೇಟಿನಲ್ಲಿ ಒಂದು ಕಮಾನು ಇದೆ. ಬೆಳಿಗ್ಗೆ ಒಳಗೆ ಹೋಗುವಾಗ ಅದರ ಕಣ್ಣಿಗೆ ಸನ್‌ಸ್ಕ್ರೀನ್ ಹಚ್ಚಿದ ಮುಖ ಕಪ್ಪಾಗಿ ಕಾಣಿಸುತ್ತದೆ, ಆಗ ಬಿಡುತ್ತದೆ. ಸಂಜೆ ಹೊರಗೆ ಬರುವಾಗ ಮುಖದ ಕೆಂಪನ್ನು ಮಾತ್ರ ಅಳೆಯುತ್ತದೆ. ಬೆಳಿಗ್ಗೆ ಹಚ್ಚಿದ್ದು ಬೆವರಿಗೆ ಕರಗಿ ಸಂಜೆಗೆ ಉಳಿಯುವುದಿಲ್ಲವೆಂದು ನಾವೇ ಒಪ್ಪಿ, ಸಂಜೆಯ ತಪಾಸಣೆಯಿಂದ ಅದನ್ನು ಕೈಬಿಟ್ಟಿದ್ದೆವು. ಮೂರನೆಯ ಕ್ರೀಮು ಹಚ್ಚಿಕೊಂಡು ಹೋದ ಅತ್ತೆಯ ಮುಖವನ್ನೂ ಕಮಾನು ಸಂಜೆ ಕೆಂಪೆಂದು ಬರೆದು ಕೇಂದ್ರಕ್ಕೆ ಕಳಿಸಿತು.

ಕೇಂದ್ರದಲ್ಲಿ ನಮ್ಮ ಮುಖ್ಯಸ್ಥರು ಡಾಕ್ಟರ್ ಕೊಪ್ಪದ. ಮೃದು ಮನುಷ್ಯ. ಮಧ್ಯಾಹ್ನ ಡಬ್ಬಿ ಬಿಚ್ಚುವ ಮುಂಚೆ ತುಣುಕುಗಳ ಕಪಾಟಿಗೆ ಪರದೆ ಎಳೆಯುತ್ತಾರೆ, ಅವುಗಳ ಎದುರಿಗೆ ಉಣ್ಣುವುದು ಸರಿಯಲ್ಲವಂತೆ. ಅವರೇ ನನ್ನನ್ನು ಕರೆದು ಪರದೆಯನ್ನು ನನ್ನ ಕಡೆ ತಿರುಗಿಸಿದರು.

"ಕಸ್ತೂರಿಯವರ, ಮೂರು ಸಲ ಕೆಂಪು. ನಿಯಮ ನಿಮಗ ಗೊತ್ತೈತಿ."

ಗೊತ್ತಿತ್ತು. ಮೂರು ಕ್ರೀಮು ಸೋತರೆ ಆ ಚರ್ಮ ಬಿಸಿಲಿಗೆ ಲಾಯಕ್ಕಿಲ್ಲ ಎಂದರ್ಥ. ನೆರಳುಪಟ್ಟಿಗೆ ಸೇರಿಸಬೇಕು. ಸೇರಿದವರಿಗೆ ಹಗಲುಚೀಟಿ ಮತ್ತೆ ಸಿಗುವುದಿಲ್ಲ.

"ಸರ, ತುಣುಕು ಸುಮ್ಮನ ಐತಿ. ನೋಡ್ರಿ, ಒಂದು ಗೆರಿ ಸೈತ ಎದ್ದಿಲ್ಲ."

"ತುಣುಕು ಪ್ಯಾಟಿಗೆ ಹೋಗಂಗಿಲ್ಲಲ್ರಿ. ಅಲ್ಲಿ ಖರೇ ಬಿಸಲು. ನಮ್ಮ ದೀಪ ಏನಿದ್ರೂ ದೀಪನ." ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ತುಣುಕು ಸಾಕಿದವರ ಮುದ್ರಿ ಒತ್ತಬೇಕು. ಆದ್ರ ಅವರು ನಿಮ್ಮ ಅತ್ತಿ. ಬ್ಯಾಡಂದ್ರ ಬ್ಯಾರೆಯವರ ಕೈಲೆ ಒತ್ತಸ್ತೀನಿ. ಈ ವಾರ ಮುಗಿಯೂದ್ರಾಗ ಆಗಬೇಕು ನೋಡ್ರಿ."

ನಾನು ಕಪಾಟಿನ ಹತ್ತಿರ ಹೋಗಿ ನಿಂತೆ. ತಟ್ಟೆಯಲ್ಲಿ ಗೋಧಿಬಣ್ಣದ ಆ ತುಣುಕು ತಣ್ಣಗೆ ಕೂತಿತ್ತು. ನನಗೆ ಅದರ ಮೇಲೆ ಸಿಟ್ಟು ಬಂತು. ನೀನೇನೋ ಹಾಯಾಗಿದ್ದೀ, ನಿನ್ನ ಒಡತಿಯನ್ನು ಮನೆಯೊಳಗೆ ಕೂಡಿಹಾಕುವ ಕೆಲಸ ನನ್ನ ತಲೆಗೆ ಬಂತು ಎಂದು ಬೈದೆ.

ಮನೆಗೆ ಬಂದು ಹೇಳುವ ಹೊತ್ತಿಗೆ ಅತ್ತೆ ಇಂಚರಳನ್ನು ತೊಡೆಯ ಮೇಲೆ ಹಾಕಿಕೊಂಡು ಸಜ್ಜೆರೊಟ್ಟಿ ನೆನೆಸಿ ತಿನ್ನಿಸುತ್ತಿದ್ದರು. ಮಾಲತೇಶ ನನ್ನ ಮುಖ ನೋಡಿಯೇ ಅರ್ಥ ಮಾಡಿಕೊಂಡು ಅಂಗಳಕ್ಕೆ ಹೋದರು. ನಾನು ಸುತ್ತಿ ಬಳಸದೆ ಹೇಳಿಬಿಟ್ಟೆ. ಅತ್ತೆ ಕೂಸಿನ ಬಾಯಿ ಒರೆಸಿದರು, ಇನ್ನೊಂದು ತುತ್ತು ಮಾಡಿದರು.

"ಹಂಗಾರ ಇನ್ನ ಹಗಲೆಲ್ಲ ಮನ್ಯಾಗ?"

"ಹೂಂನ್ರಿ."

"ಸಂಜಿ ಮ್ಯಾಲೆ ಹೊರಗ ಹೋದ್ರ ಪ್ಯಾಟ್ಯಾಗ ಯಾರಿರತಾರ? ನಾಯಿ ಇರತಾವ." ಅವರು ನಗಲು ನೋಡಿದರು, ನಗೆ ಬರಲಿಲ್ಲ. "ಕೆಲಸದ್ದೇನಲ್ಲ ಕಸ್ತೂರಿ. ಕೆಲಸ ಬಿಟ್ರೂ ನನ್ನ ಮಗ ಕೂಳು ಹಾಕತಾನ. ಆದ್ರ ಅಲ್ಲಿ ಫಕ್ಕೀರವ್ವ ಅದಾಳ, ಮಾಬೂಬಿ ಅದಾಳ. ಒಂದ ರಾಶಿಗೆ ಕುಂತು ಮುದಿಕ್ಯಾರಾದ್ವಿ. ಮನ್ಯಾಗ ಹೇಳಾಕ ಬರದ್ದೆಲ್ಲ ಅಲ್ಲಿ ಹೇಳೀನಿ. ಹಗಲು ಹೋತಂದ್ರ ಅವರೂ ಹೋದಂಗ."

ಬೇರೆಯವರ ಕೈಯಲ್ಲಿ ಮುದ್ರೆ ಒತ್ತಿಸುತ್ತಾರಂತೆ ಎಂದು ಹೇಳಿದೆ, ಅದೇ ಒಂದು ಸಮಾಧಾನವೆಂಬಂತೆ.

"ಬ್ಯಾರೆಯವರು ಯಾಕ?" ಎಂದರು ಅತ್ತೆ. "ನೀನ ಒತ್ತು. ನನ್ನ ತುಣಕ ಸಾಕಿದಾಕಿ ನೀನು. ಒತ್ತಿ, ಮನಿಗೆ ಬಂದು ಉಣ್ಣು. ಅದಕ್ಯಾಕ ಮಾರಿ ಸಣ್ಣದು ಮಾಡ್ತಿ?"

ಅಂಗಳದಲ್ಲಿ ಮಾಲತೇಶ ಸುಮ್ಮನೆ ಬಕೆಟ್ಟು ಅತ್ತಿತ್ತ ಇಡುವ ಸದ್ದು ಕೇಳುತ್ತಿತ್ತು.

ಮಾರನೆಯ ದಿನ ನಾನು ರಜೆ ಹಾಕಿದೆ. ಅತ್ತೆ ಪೇಟೆಗೆ ಹೋಗುವುದು ಅದೇ ಕೊನೆಯಾಗಬಹುದು, ಸಂಜೆ ಬರುವಾಗ ಮನೆಯಲ್ಲಿರಬೇಕು ಅನ್ನಿಸಿತು. ಬೆಳಿಗ್ಗೆ ಎಂದಿನಂತೆ ಮುಖಕ್ಕೆ ಹಚ್ಚಿ ಕಳಿಸಿದೆ. ಆ ದಿನ ಅವರು ಗೊಣಗಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚಿತು.

ಮೆಣಸಿನಕಾಯಿ ಕೆಲಸದವರ ಮನೆಯಲ್ಲಿ ಒಂದು ಕಟ್ಟಳೆ ಉಂಟು. ಕೆಲಸದಿಂದ ಬಂದವರು ಮುಂಬಾಗಿಲಿಗೆ ಬರುವುದಿಲ್ಲ. ನೇರ ಹಿತ್ತಿಲಿಗೆ ಹೋಗಿ, ಮಜ್ಜಿಗೆಯಿಂದ ಕೈ ಮುಖ ತಿಕ್ಕಿ, ಮೈತೊಳೆದು, ಸೀರೆ ಬದಲಿಸಿಯೇ ಒಳಗೆ. ಅಲ್ಲಿಯ ತನಕ ಕೂಸನ್ನು ಮುಟ್ಟುವಂತಿಲ್ಲ. ಇಂಚರಳೂ ಇದನ್ನು ಬಲ್ಲಳು, ಹಿತ್ತಿಲ ಬಾಗಿಲ ಬಳಿ ನಿಂತು ಅಜ್ಜಿಯ ಬರವು ಕಾಯುತ್ತಾಳೆ. ಆ ಸಂಜೆ ಅತ್ತೆ ಹಿತ್ತಿಲಿಗೆ ಹೋಗಲಿಲ್ಲ. ಮುಂದಿನ ಕಟ್ಟೆಯ ಮೇಲೆ ಕುಸಿದು ಕೂತುಬಿಟ್ಟರು. ಮುಖ ಕೆಂಪಾಗಿ ಊದಿತ್ತು. ನಾನು ಮಜ್ಜಿಗೆ ತರಲೆಂದು ಒಳಗೆ ತಿರುಗಿದ್ದೇ ತಡ, ಕೂಸು ನನ್ನ ಕಾಲ ಸಂದಿಯಲ್ಲಿ ನುಸುಳಿ ಓಡಿತು. ಅಜ್ಜಿಯ ಕೊರಳು ತಬ್ಬಿ ಗಲ್ಲಕ್ಕೆ ಪಚ್ಚನೆ ಮುತ್ತು ಕೊಟ್ಟಿತು.

ಮರುಕ್ಷಣ ಓಣಿಯೆಲ್ಲ ಎದ್ದು ನಿಲ್ಲುವಂಥ ಚೀರಾಟ.

"ಅಜ್ಜಿ ಖಾಯ! ಅಜ್ಜಿ ಖಾಯ!"

ತುಟಿ ಸುಟ್ಟುಕೊಂಡ ಕೂಸಿಗೆ ಬೆಲ್ಲ ನೆಕ್ಕಿಸಿದೆವು, ಹಾಲು ಕುಡಿಸಿದೆವು. ಅತ್ತೆ ತಮ್ಮನ್ನು ತಾವೇ ಬೈದುಕೊಂಡು ಹಿತ್ತಿಲಿಗೆ ಎದ್ದರು. ನಾನು ಅವರ ರಟ್ಟೆ ಹಿಡಿದು ನಿಲ್ಲಿಸಿ, ಬೆರಳಿನಿಂದ ಅವರ ಗಲ್ಲ ಸವರಿ ನನ್ನ ನಾಲಿಗೆಗೆ ಇಟ್ಟುಕೊಂಡೆ. ಅವ್ವಾ! ಕಣ್ಣಲ್ಲಿ ನೀರು ದಳದಳ ಸುರಿಯಿತು.

"ಹುಚ್ಚಿ! ಏನ್ ಮಾಡಾಕತ್ತಿ?"

"ಅತ್ತೀ, ನಿಮ್ಮ ಮಾರಿ ಉರಿಯೂದು ಮುಲಾಮಿಗಲ್ಲ, ಮೆಣಸಿನಕಾಯಿಗೆ!"

ಅತ್ತೆಗೆ ಇದು ಅವಮಾನವೆನ್ನಿಸಿತು. ನೀವು ಬ್ಯಾಡಗಿಯವರಾಗಿದ್ದರೆ ತಿಳಿದೀತು. ನಮ್ಮ ಊರಲ್ಲಿ ಯಾರ ಮೇಲೆ ಬೇಕಾದರೂ ಅಪವಾದ ಹೊರಿಸಬಹುದು, ಮೆಣಸಿನಕಾಯಿಯ ಮೇಲೆ ಮಾತ್ರ ಹೊರಿಸುವಂತಿಲ್ಲ.

"ನಮ್ಮ ಕಾಯಿ ಬಣ್ಣಕ್ಕ ಹೆಸರಾದದ್ದು, ಖಾರಕ್ಕಲ್ಲ," ಎಂದರು ಗಂಭೀರವಾಗಿ. "ಆವತ್ತಿನಿಂದ ಈವತ್ತಿನ ತನಕ ಅದರಾಗ ಕುಂತೀನಿ. ಎಂದೂ ಉರದಿಲ್ಲ, ಈಗ ಉರೀತೈತೇನು?"

ಅವರು ಮಾತ್ರವಲ್ಲ, ಕೇಂದ್ರದಲ್ಲಿ ನಾವು ಯಾರೂ ಅದನ್ನು ಸಂಶಯಿಸಿರಲಿಲ್ಲ. ನಾನೂ ಮದುವೆಯಾಗಿ ಬಂದು ಬ್ಯಾಡಗಿಯವಳೇ ಆಗಿಹೋಗಿದ್ದೆನಲ್ಲ. ಎದುರಿಗೆ ಗುಡ್ಡದಂಥ ರಾಶಿ ಇಟ್ಟುಕೊಂಡು ತಪ್ಪನ್ನು ಸೂರ್ಯನ ತಲೆಗೆ ಕಟ್ಟಿದ್ದೆವು.

ಮರುದಿನ ಕೇಂದ್ರಕ್ಕೆ ಒಂದು ಮುಷ್ಟಿ ಕಾಯಿ, ರಾಶಿಯ ಬುಡದ ಧೂಳು ಒಯ್ದೆ. ಡಾಕ್ಟರ್ ಕೊಪ್ಪದ ನನ್ನ ಮಾತು ಕೇಳುವ ಮುಂಚೆಯೇ ಮೂರು ಸಲ ಸೀನಿದರು. ಅತ್ತೆಯ ತುಣುಕನ್ನು ಹೊರಗೆ ತೆಗೆದು ಎರಡು ಭಾಗ ಮಾಡಿ ಗುರುತು ಹಾಕಿದೆ. ಒಂದು ಅರ್ಧಕ್ಕೆ ಏನನ್ನೂ ಹಚ್ಚದೆ ಧೂಳು ಉದುರಿಸಿದೆ. ಗೆರೆ ಸ್ವಲ್ಪ ಎದ್ದಿತು. ಕುಂಚದಿಂದ ಜಾಡಿಸಿದ ಕೂಡಲೇ ಮಲಗಿತು. ಇನ್ನೊಂದು ಅರ್ಧಕ್ಕೆ ಆ ಮೂರನೆಯ ಕ್ರೀಮು ಹಚ್ಚಿ, ಮೇಲೆ ಅಷ್ಟೇ ಧೂಳು ಉದುರಿಸಿ, ದೀಪದ ಕೆಳಗಿಟ್ಟೆ.

ಮೊದಲು ಏನೂ ಆಗಲಿಲ್ಲ. ಆಮೇಲೆ ಗೆರೆ ಮೇಲೇಳತೊಡಗಿತು. ಏರಿತು, ಇನ್ನೂ ಏರಿತು, ಪರದೆಯ ಮೇಲಂಚಿಗೆ ಬಡಿದು ಅಲ್ಲೇ ನಿಂತಿತು. ಜಾಡಿಸಿದರೆ ಧೂಳು ಹೋಗಲಿಲ್ಲ, ಕ್ರೀಮಿನಲ್ಲಿ ಹೂತುಹೋಗಿತ್ತು. ತುಣುಕು ಕಣ್ಣೆದುರಿಗೇ ಕೆಂಪಾಯಿತು. ಎರಡು ದಿನದ ಹಿಂದೆ ಅದನ್ನು ಬೈದಿದ್ದಕ್ಕೆ ನನಗೆ ಅಳು ಬಂದಂತಾಯಿತು. ಬೇಗ ಬೇಗ ತೊಳೆದು, ತಣ್ಣನೆಯ ದ್ರವದಲ್ಲಿಟ್ಟು, "ಆತು, ಆತು, ಹೋತು ನೋಡು" ಎಂದು ಕೂಸಿಗೆ ಹೇಳುವಂತೆ ಹೇಳಿದೆ. ಡಾಕ್ಟರು ನಗಲಿಲ್ಲ.

ಕಾರಣ ಸರಳ. ಮೆಣಸಿನಕಾಯಿಯ ಖಾರ ನೀರಿಗೆ ಬಗ್ಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಅಡುಗೆಮನೆಯಲ್ಲಿ ಒಗ್ಗರಣೆ ಹಾಕುವವರಿಗೆಲ್ಲ ಇದು ಗೊತ್ತು. ಒಣ ಮುಖದ ಮೇಲೆ ಕೂತ ಧೂಳು ಜಾಡಿಸಿದರೆ ಉದುರಿಹೋಗುತ್ತಿತ್ತು. ಎಣ್ಣೆಯ ಕ್ರೀಮು ಅದನ್ನು ಹಿಡಿದಿಟ್ಟುಕೊಂಡು, ಕರಗಿಸಿ, ದಿನವಿಡೀ ಚರ್ಮಕ್ಕೆ ಉಣಿಸುತ್ತಿತ್ತು. ಕಡಿಮೆ ಖಾರದ ಕಾಯಿಯೇ ಇರಲಿ, ಅಷ್ಟು ಹೊತ್ತು ಎಣ್ಣೆಯಲ್ಲಿ ಕೂತರೆ ಖಾರ ಬಿಡದೆ ಇದ್ದೀತೆ? ನಾವು ಸರ್ಕಾರದ ಖರ್ಚಿನಲ್ಲಿ ಅತ್ತೆಯ ಗಲ್ಲಕ್ಕೆ ಒಗ್ಗರಣೆ ಹಾಕುತ್ತಿದ್ದೆವು.

"ಹಂಗಾರ ಎಣ್ಣಿ ಬ್ಯಾಡ," ಎಂದರು ಡಾಕ್ಟರು, ಕಣ್ಣೊರೆಸಿಕೊಳ್ಳುತ್ತ. "ಸತು ಇರಲಿ. ಆದ್ರ ಯಾತರಾಗ ಕಲಸೂದು?"

ಜಾಲಿಯ ಅಂಟನ್ನು ನೀರಿನಲ್ಲಿ ನೆನೆಹಾಕಿ ಸೋಸಿದೆವು. ಅದರಲ್ಲಿ ಸತುವಿನ ಪುಡಿ ಅರೆದು ಹಚ್ಚಿದರೆ ಒಣಗಿ ತೆಳ್ಳನೆಯ ಪೊರೆಯಾಯಿತು. ಧೂಳು ಅದರ ಮೇಲೆ ಕೂತಿತು, ಕುಂಚ ಆಡಿಸಿದರೆ ಬಿತ್ತು. ಗೆರೆ ಏಳಲಿಲ್ಲ. ನಾನು ಕುಣಿಯುವುದೊಂದು ಬಾಕಿ. ಆಗ ಡಾಕ್ಟರು ಚಿಮುಟದಿಂದ ತುಣುಕಿನ ಅಂಚನ್ನು ಹಿಡಿದು ಮೆಲ್ಲಗೆ ಎಳೆದರು. ಪೊರೆ ಬಿರುಕು ಬಿಟ್ಟಿತು.

"ತುಣುಕು ನಗಂಗಿಲ್ಲ," ಎಂದರು. "ನಿಮ್ಮ ಅತ್ತಿ ನಗತಾರೋ ಇಲ್ಲೋ?"

ನಗುತ್ತಾರೆಯೇ! ರಾಶಿಯ ಸುತ್ತ ಕೂತರೆ ಅವರಿಗೆ ಬೇರೆ ಕೆಲಸವಿಲ್ಲ. ಮತ್ತೆ ಕಲಸಿದೆವು. ಅಂಟು ಕಡಿಮೆ ಮಾಡಿದೆವು, ಗ್ಲಿಸರಿನ್ ಹನಿಸಿದೆವು, ಹೆಚ್ಚಾಗಿ ಅಂಟಂಟಾಯಿತು, ಎಸೆದೆವು, ಮತ್ತೆ ಕಲಸಿದೆವು. ಕಡೆಗೆ ಒಂದು ಹದಕ್ಕೆ ಬಂತು. ಎಳೆದರೆ ಹಿಗ್ಗುವ, ಬಿಟ್ಟರೆ ಕೂಡುವ ಪೊರೆ. ಅದರ ಒಂದೇ ಕೊರತೆಯೆಂದರೆ, ಬೆಳ್ಳಗೆ ಕಾಣುತ್ತದೆ. ಸೂಕ್ಷ್ಮವಾಗಿ ಅಲ್ಲ, ಸುಣ್ಣದ ಗೋಡೆಯ ಹಾಗೆ.

ಡಾಕ್ಟರ್ ಕೊಪ್ಪದ ಬಹಳ ಹೊತ್ತು ಯೋಚಿಸಿ ಒಂದು ದಿನದ ಅನುಮತಿ ಬರೆದರು. ನಾನು ಜೊತೆಗಿರಬೇಕು. ಸಂಜೆ ಕಮಾನು ಕೆಂಪೆಂದರೆ ಅಲ್ಲಿಗೆ ಮುಗಿಯಿತು, ಮುದ್ರೆ ಒತ್ತಲೇಬೇಕು.

ಬೆಳಿಗ್ಗೆ ಅತ್ತೆಗೆ ಹೊಸದನ್ನು ಹಚ್ಚಿ ಕನ್ನಡಿ ಕೊಟ್ಟೆ. ಅವರು ಆ ಕಡೆ ಈ ಕಡೆ ತಿರುಗಿ ನೋಡಿಕೊಂಡರು.

"ಹಣಿಗೆ ಇಬತ್ತಿ ಹಚ್ಚತಾರ. ನೀ ಮಾರೀಗೆಲ್ಲ ಹಚ್ಚೀದಿ. ಇಷ್ಟ ಪುಣ್ಯ ನನಗ ತಡದೀತೇನು?"

ಕಮಾನಿನ ಕಣ್ಣಿಗೆ ಬಿಳಿಯ ಅತ್ತೆ ಕಾಡಿಗೆಯ ಹಾಗೆ ಕಪ್ಪಾಗಿ ಕಂಡರು, ಗೇಟು ತೆರೆಯಿತು. ಒಳಗೆ ತಗಡಿನ ಚಾವಣಿಯ ಕೆಳಗೆ ಕೆಂಪು ರಾಶಿಗಳು ಸಾಲಾಗಿದ್ದವು. ಚಾವಣಿಯ ಅಂಚಿನಿಂದ ಬಿಸಿಲು ಓರೆಯಾಗಿ ಹೆಂಗಸರ ಮುಖಕ್ಕೇ ಬೀಳುತ್ತಿತ್ತು. ಅತ್ತೆಯನ್ನು ಕಂಡ ಕೂಡಲೇ ನಗೆಯ ಸ್ಫೋಟ. ಮಾಬೂಬಿ ಕಾಯಿ ಮುರಿಯುವುದನ್ನು ಬಿಟ್ಟು ಹೊಟ್ಟೆ ಹಿಡಿದುಕೊಂಡಳು.

"ಯಾರಿಗೆ ಮೋಸ ಮಾಡಾಕ ಹೊಂಟೀಯ ದ್ಯಾಮಕ್ಕಾ? ಮದಿವಿ ಗಿದಿವಿ ಐತೇನು?"

"ಐತಿ, ನಿನ್ನ ಗಂಡನ ಕೂಡ. ಹೋಗಿ ಹೇಳಿ ಬಾ."

ಅತ್ತೆ ನಕ್ಕರು. ನಾನು ಪೊರೆಯನ್ನೇ ದಿಟ್ಟಿಸಿದೆ, ಬಿರುಕು ಬಿಡಲಿಲ್ಲ. ದಿನವಿಡೀ ನಾನೂ ರಾಶಿಗೆ ಕೂತೆ. ನಾನು ಮುರಿದ ತೊಟ್ಟುಗಳನ್ನು ಫಕ್ಕೀರವ್ವ ಒಂದೊಂದಾಗಿ ಎತ್ತಿ ಎಲ್ಲರಿಗೂ ತೋರಿಸಿ ನಗಿಸಿದಳು. ಅರ್ಧ ತೊಟ್ಟು ಕಾಯಿಯಲ್ಲೇ ಉಳಿದಿರುತ್ತಿತ್ತು. ಅತ್ತೆ ಆಗಾಗ ಸೆರಗಿನ ತುದಿಯಿಂದ ಮುಖ ಜಾಡಿಸಿಕೊಳ್ಳುತ್ತಿದ್ದರು, ಧೂಳು ಉದುರುತ್ತಿತ್ತು. ಪ್ರತಿ ಸಲವೂ ನಾನು "ಉರಿತೈತೇನ್ರಿ?" ಎಂದು ಕೇಳಿದೆ. ಕೇಳಿ ಕೇಳಿ ಸಾಕಾಗಿ, ಉರಿಯುವುದು ನಿನ್ನ ಮಾತಿಗೆ ಎಂದರು.

ಸಂಜೆ ಗೇಟಿನ ಮುಂದೆ ಬಂದೆವು. ಅತ್ತೆ ಮುಖ ತೊಳೆದುಕೊಂಡು ಕಮಾನಿನ ಕೆಳಗೆ ನಿಂತರು. ಅದು ಎಂದಿಗಿಂತ ಹೆಚ್ಚು ಹೊತ್ತು ನೋಡಿದಂತೆ ನನಗನ್ನಿಸಿತು. ಆಮೇಲೆ ಹಸಿರು ದೀಪ ಹತ್ತಿತು. ಕೆಂಪು ಇಲ್ಲ. ಹಗಲುಚೀಟಿ ಉಳಿಯಿತು. ನಾನು ಸಂಕೋಚ ಬಿಟ್ಟು ಅತ್ತೆಯನ್ನು ತಬ್ಬಿಕೊಂಡೆ.

ಹೆಂಗಸರೆಲ್ಲ ನಮ್ಮನ್ನು ಸುತ್ತುವರಿದರು. ಮಾಬೂಬಿ ನನ್ನ ಕೈಯ ಡಬ್ಬಿಯನ್ನು ಬಗ್ಗಿ ನೋಡಿದಳು.

"ನಮಗೂ ಇದನ್ನ ಕೊಡಸವ್ವಾ ಕಸ್ತೂರಿ."

"ನಿಮಗ ಯಾಕ್ರಿ? ನಿಮಗ ಹಳೇದು ಒಗ್ಗೇತಲ್ಲ. ಒಬ್ಬರ ಮಾರೀನೂ ಒಂದಿನಾನೂ ಕೆಂಪಾಗಿಲ್ಲ."

ಹೇಳಿದ ಮೇಲೆ ಆ ಮಾತು ನನಗೇ ವಿಚಿತ್ರವಾಗಿ ಕೇಳಿಸಿತು. ಇವರೆಲ್ಲರದ್ದೂ ಎಣ್ಣೆಯ ಕ್ರೀಮೇ. ಇವರೂ ಅದೇ ರಾಶಿಗೆ ಕೂತವರೇ. ಖಾರಕ್ಕೆ ಅತ್ತೆಯ ಗಲ್ಲ ಬೇರೆ, ಮಾಬೂಬಿಯ ಗಲ್ಲ ಬೇರೆಯೇ? ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಫಕ್ಕೀರವ್ವ ಕೆಮ್ಮಿದಳು.

"ನೀ ಸರಕಾರದಾಕಿ," ಎಂದಳು ಮಾಬೂಬಿ. "ಸಿಟ್ಟಿಗೇಳಬಾರ್ದು ಮತ್ತ. ನಾವು ಗೇಟು ದಾಟಿದ ಕೂಡ್ಲೆ ಸೆರಗಿಲೆ ಒರಸಿ ಬಿಡತೀವಿ. ಎಲ್ಲಾರೂ. ಇಟಗೊಂಡ್ರ ಉರಿ ತಡಕೊಳ್ಳಾಕ ಆಗಂಗಿಲ್ಲ."

ಈ ಬಿಸಿಲಿಗೆ ಇಷ್ಟು ಮುಖಗಳು ಬರಿದಾಗಿ ಕೂತಿದ್ದವು. ಅದರ ಪೆಟ್ಟು ಇವತ್ತು ಕಾಣುವುದಿಲ್ಲ, ಒಳಗೇ ಕೂಡುತ್ತ ಹೋಗಿ ವರ್ಷಗಳ ಮೇಲೆ ಹುಣ್ಣಾಗಿ ಹೊರಬರುತ್ತದೆ. ಬೈಯಬೇಕೆಂದು ಬಾಯಿ ತೆರೆದೆ. ಆಗ ಇನ್ನೊಂದು ವಿಷಯ ಹೊಳೆದು ಬಾಯಿ ಹಾಗೇ ನಿಂತಿತು.

"ನಮ್ಮ ಅತ್ತಿ?"

"ಆಕೀಗೂ ಎಷ್ಟ ಹೇಳಿದ್ವಿ. ಒರಸೂದಿಲ್ಲ ಅಂದ್ರ ಒರಸೂದಿಲ್ಲ. ಕಣ್ಣಾಗ ನೀರು ಸುರಸ್ಕೋತ ಕುಂದರತಿದ್ಲು."

ಅತ್ತೆ ನಮ್ಮ ಕಡೆ ಬೆನ್ನು ಮಾಡಿ ಗೋಣಿಚೀಲ ಮಡಚುತ್ತಿದ್ದರು. ಅದು ಆಗಲೇ ಮಡಚಿದ್ದ ಚೀಲ. ಒಂದು ಸಲ ಸೆರಗಿನಿಂದ ಒರೆಸಿದ್ದರೆ ಸಾಕಿತ್ತು. ಉರಿಯೂ ಇಲ್ಲ, ಕೆಂಪೂ ಇಲ್ಲ, ನೆರಳುಪಟ್ಟಿಯೂ ಇಲ್ಲ. ಹಗಲು ಕೈಬಿಟ್ಟು ಹೋಗುತ್ತಿದ್ದಾಗಲೂ ಅವರು ಅದನ್ನು ಮಾಡಲಿಲ್ಲ.

"ಯಾಕ್ರಿ ಅತ್ತೀ?" ಎಂದೆ.

"ಯಾಕಂದ್ರ ಏನ್ ಹೇಳ್ಲಿ," ಎಂದರು ತಿರುಗದೆಯೇ. "ಮೊದಲನೇ ದಿನಾನ ಗೊತ್ತಾತು, ಒರಸಿದ್ರ ಉರಿ ಹೋಗತೈತಿ ಅಂತ. ಆದ್ರ ಮುಂಜಾನಿ ಅಳೋ ಕೂಸಿನ್ನ ಬಿಟ್ಟು, ಬಸ್ಸಿನ ಹೊತ್ತು ಬಿಟ್ಟು, ನನ್ನ ಮುಂದ ನಿಂತು ಹಚ್ಚತಿ. ನನ್ನ ಹಡದವ್ವ ಸೈತ ಹಂಗ ಹಚ್ಚಿದ್ದಿಲ್ಲ. ಅದನ್ನ ಗೇಟಿನ್ಯಾಗ ಒರಸಿ ಒಗದು, ಸಂಜಿಕ ಬಂದು ನಿನ್ನ ಮಾರಿ ಹೆಂಗ ನೋಡ್ಲಿ?"

ನಾನು ನಿಂತಲ್ಲೇ ಅತ್ತುಬಿಟ್ಟೆ. ಅಷ್ಟು ಜನರ ಎದುರಿಗೆ, ಸರ್ಕಾರದ ಗುರುತಿನ ಬಿಲ್ಲೆಯನ್ನು ಕೊರಳಿಗೆ ಹಾಕಿಕೊಂಡು.

"ಅಯ್ಯ ದ್ಯಾಮಕ್ಕಾ, ಸೊಸಿ ಅಳಾಕತ್ಲಲ್ಲ!" ಎಂದಳು ಮಾಬೂಬಿ.

ಅತ್ತೆ ಚೀಲವನ್ನು ಕಂಕುಳಿಗೆ ಇರುಕಿಕೊಂಡು ಬಂದು ನನ್ನ ಕೈ ಹಿಡಿದರು.

"ಅಳಲಿ ಬಿಡ. ಯಾರರೆ ಕೇಳಿದ್ರ ಮೆಣಸಿನಕಾಯಿ ಘಾಟು ಅಂದ್ರಾತು."